ಹೊಸ ವರ್ಷಕ್ಕೆ 52 ವೈನ್ ಬೇಡ, ತಿಂಗಳಿಗೊಂದು ಜೋಡಿ ಸಾಕು

ಪ್ರಶ್ನೆ: ನನ್ನೂರು ಚಿಕ್ಕಬಳ್ಳಾಪುರದ ಹತ್ತಿರದ ಹಳ್ಳಿ. ಕೆಲಸ ಬೆಂಗಳೂರಿನಲ್ಲಿ, ಶನಿವಾರ ಊರಿಗೆ ಬರುತ್ತೇನೆ. ವಯಸ್ಸು 29. ಅಪ್ಪ ದಿಲ್‌ಖುಷ್ ದ್ರಾಕ್ಷಿ ಬೆಳೆಯುತ್ತಾರೆ. ಆದರೆ ವೈನ್ ಅಂದರೆ ನನಗೆ ಗೊತ್ತಿರುವುದು ಸಿಹಿಯಾದ ಪೋರ್ಟ್ ಒಂದೇ. ಹೊಸ ವರ್ಷದಲ್ಲಿ ಗೊತ್ತಿಲ್ಲದ ವೈನ್‌ಗಳ ಬಗ್ಗೆ ಸರಿಯಾಗಿ ಕಲಿಯಬೇಕು ಅಂತ ಆಸೆ. ಗೆಳತಿಯೊಬ್ಬಳು ವಾರಕ್ಕೊಂದರಂತೆ 52 ವೈನ್ ಕುಡಿದು ಮುಗಿಸು ಅಂತಾಳೆ. ತಿಂಗಳಿಗೆ 1500 ರೂಪಾಯಿ ಖರ್ಚು ಮಾಡಬಲ್ಲೆ. ಅಮ್ಮನಿಗೆ ಇದೆಲ್ಲ ಇಷ್ಟವಿಲ್ಲ. ಎಲ್ಲಿಂದ ಶುರು ಮಾಡಲಿ? ಕೋರ್ಸ್ ಸೇರಬೇಕಾ?

ಉತ್ತರ: ಮೊದಲು ಆ 52ರ ಲೆಕ್ಕವನ್ನು ಪಕ್ಕಕ್ಕಿಡಿ. ಒಂದು ಬಾಟಲಿ 750 ಮಿಲಿ. ಅದರಲ್ಲಿ ಶೇ. 13ರಷ್ಟು ಮದ್ಯಸಾರ ಇದ್ದರೆ ವಾರಕ್ಕೆ ಸುಮಾರು 97 ಮಿಲಿ ಶುದ್ಧ ಆಲ್ಕೋಹಾಲ್ ಒಬ್ಬರ ಹೊಟ್ಟೆಗೆ ಹೋಗುತ್ತದೆ. ಇದರಿಂದ ಕುಡಿತದ ಅಭ್ಯಾಸ ಬೆಳೆಯುತ್ತದೆಯೇ ಹೊರತು ತಿಳಿವಳಿಕೆ ಬೆಳೆಯುವುದಿಲ್ಲ. ಎಷ್ಟು ಕಡಿಮೆ ಕುಡಿದರೂ ಅದು ಪೂರ್ತಿ ಸುರಕ್ಷಿತ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಅದನ್ನು ಮನಸ್ಸಲ್ಲಿ ಇಟ್ಟುಕೊಂಡೇ ನಾನು ಮುಂದಿನದನ್ನು ಬರೆಯುತ್ತಿದ್ದೇನೆ. ಇನ್ನೊಂದು ತೊಂದರೆಯೂ ಇದೆ. ಈ ವಾರ ಒಂದು, ಮುಂದಿನ ವಾರ ಇನ್ನೊಂದು ಅಂತ ಕುಡಿದರೆ ಮೊದಲಿನದರ ರುಚಿ ನೆನಪಲ್ಲೇ ಇರುವುದಿಲ್ಲ. ವರ್ಷದ ಕೊನೆಗೆ ಕೈಯಲ್ಲಿ ಉಳಿಯುವುದು ಒಂದಷ್ಟು ಹೆಸರು, ಒಂದಷ್ಟು ಲೇಬಲ್ ಫೋಟೋ.

ನಾನು ಕಲಿಸುವವರಿಗೆಲ್ಲ ಹೇಳುವುದು ಒಂದೇ: ವೈನನ್ನು ಒಂಟಿಯಾಗಿ ಕುಡಿದು ಕಲಿಯಲು ಆಗುವುದಿಲ್ಲ, ಪಕ್ಕದಲ್ಲಿ ಇನ್ನೊಂದು ವೈನ್ ಇರಲೇಬೇಕು. ತಿಂಗಳಿಗೆ ಒಂದು ಜೋಡಿ ಸಾಕು. ಆ ಜೋಡಿಗೆ ಒಂದೇ ಪ್ರಶ್ನೆ ಇರಲಿ. ಎರಡೂ ಒಂದೇ ದ್ರಾಕ್ಷಿಯದಾಗಿದ್ದು ಊರು ಬೇರೆ ಆಗಿರಬಹುದು, ಅಥವಾ ಊರು ಒಂದೇ ಆಗಿದ್ದು ದ್ರಾಕ್ಷಿ ಬೇರೆ ಆಗಿರಬಹುದು. ದ್ರಾಕ್ಷಿ, ಊರು ಎರಡೂ ಬೇರೆ ಆದರೆ ಯಾವ ವ್ಯತ್ಯಾಸ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ.

1500 ರೂಪಾಯಿಗೆ ಎರಡು ಒಳ್ಳೆಯ ಬಾಟಲಿ ಕಷ್ಟ, ನಿಜ. ಅದಕ್ಕೇ ನಾಲ್ಕೈದು ಜನ ಸೇರಿಕೊಳ್ಳಿ. ತಲಾ 60 ಮಿಲಿ ಹಾಕಿದರೆ ಒಂದು ಬಾಟಲಿಯಲ್ಲಿ 12 ಅಳತೆ ಬರುತ್ತದೆ. ಐದು ಜನಕ್ಕೆ ಕೊಟ್ಟು ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಉಳಿದದ್ದಕ್ಕೆ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟು ಮರುದಿನ ಮತ್ತೆ ರುಚಿ ನೋಡಿ. ಗಾಳಿ ಸೋಕಿದ ವೈನ್ ಒಂದು ದಿನದಲ್ಲಿ ಎಷ್ಟು ಬದಲಾಗುತ್ತದೆ ಅಂತ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ರುಚಿ ನೋಡಿ ಉಗಿಯುವುದಕ್ಕೂ ನಾಚಿಕೆ ಬೇಡ, ಈ ಕೆಲಸದಲ್ಲಿರುವವರೆಲ್ಲ ಮಾಡುವುದು ಅದನ್ನೇ. ಹಾಗೇ ಶನಿವಾರ ಊರಿಗೆ ಹೊರಡುವ ಮುಂಚೆ ಈ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಕುಡಿದು ಗಾಡಿ ಮುಟ್ಟುವ ಮಾತೇ ಬೇಡ.

ಈಗ ನಿಮ್ಮ ಪತ್ರದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ವಿಷಯಕ್ಕೆ ಬರುತ್ತೇನೆ. ನೀವು ದ್ರಾಕ್ಷಿ ತೋಟದಲ್ಲಿ ಬೆಳೆದವರು. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ವೈನ್ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಎಷ್ಟೋ ಜನ ಹೂ ಬಿಟ್ಟ ದ್ರಾಕ್ಷಿ ಬಳ್ಳಿಯನ್ನು ಹತ್ತಿರದಿಂದ ನೋಡಿರುವುದಿಲ್ಲ. ನಿಮ್ಮಪ್ಪನ ಹತ್ತಿರ, ಅಥವಾ ಪಕ್ಕದ ತೋಟದವರ ಹತ್ತಿರ, ಬ್ರಿಕ್ಸ್ ಮೀಟರ್ ಇರುತ್ತದೆ ಅಲ್ವಾ? ರಸದಲ್ಲಿ ಸಕ್ಕರೆ ಎಷ್ಟಿದೆ ಅಂತ ತಿಳಿಯಲು ಒಂದು ಹನಿ ಹಾಕಿ ಬೆಳಕಿಗೆ ಹಿಡಿದು ನೋಡುವ ಆ ಪುಟ್ಟ ಕೊಳವೆ. ವೈನ್ ಮಾಡುವವರೂ ಕೊಯ್ಲಿನ ಸಮಯದಲ್ಲಿ ಅದನ್ನೇ ಹಿಡಿದು ಸಾಲು ಸಾಲು ಓಡಾಡುತ್ತಾರೆ. ತಿನ್ನುವ ದ್ರಾಕ್ಷಿಯನ್ನು ಸಾಮಾನ್ಯವಾಗಿ 16–18 ಬ್ರಿಕ್ಸ್‌ಗೆ ಕೊಯ್ಯುತ್ತಾರೆ. ವೈನ್ ದ್ರಾಕ್ಷಿಗೆ 22–24 ಬೇಕು. ಯೀಸ್ಟ್ ಈ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಬ್ರಿಕ್ಸನ್ನು 0.55ರಿಂದ ಗುಣಿಸಿದರೆ ಎಷ್ಟು ಆಲ್ಕೋಹಾಲ್ ಬರಬಹುದು ಅಂತ ಅಂದಾಜು ಸಿಗುತ್ತದೆ. 22 ಬ್ರಿಕ್ಸ್ ಅಂದರೆ ಸುಮಾರು ಶೇ. 12. ಇನ್ನು ಮೇಲೆ ಲೇಬಲ್ ಮೇಲೆ 14 ಅಂತ ಇದ್ದರೆ ಆ ದ್ರಾಕ್ಷಿ ಗಿಡದಲ್ಲೇ ಎಷ್ಟು ಮಾಗಿತ್ತು, ಯಾವ ತರದ ಬಿಸಿಲಿನ ಊರಿನದ್ದಿರಬಹುದು ಅಂತ ನೀವೇ ಊಹಿಸಬಲ್ಲಿರಿ.

ಜನವರಿ ನಮಗೆ ಒಳ್ಳೆಯ ಸಮಯ. ಯೂರೋಪಿನಲ್ಲಿ ಕೊಯ್ಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನಡೆಯುತ್ತದೆ. ನಮ್ಮಲ್ಲಿ ಮಳೆ ಕಳೆದ ಮೇಲೆ ಹಣ್ಣಿಗಾಗಿ ಪ್ರೂನಿಂಗ್ ಮಾಡುವುದರಿಂದ ವೈನ್ ದ್ರಾಕ್ಷಿ ಜನವರಿಯಿಂದ ಮಾರ್ಚ್ ಒಳಗೆ ಕೈಗೆ ಬರುತ್ತದೆ. ಹಾಗಾಗಿ ವರ್ಷದ ಮೊದಲ ಗುರಿ ಬಾಟಲಿಯದ್ದಲ್ಲ, ತೋಟದ್ದು. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, 1988ರಲ್ಲಿ ಶುರುವಾದ ಗ್ರೋವರ್ ತೋಟ ಇದೆ. ಈಗ ಅದರ ಹೆಸರು ಗ್ರೋವರ್ ಝಂಪಾ. ಮೊದಲೇ ಬುಕ್ ಮಾಡಿ ಹೋದರೆ ತೋಟ, ಪೀಪಾಯಿ ಎಲ್ಲ ತೋರಿಸಿ ರುಚಿ ನೋಡಲೂ ಕೊಡುತ್ತಾರೆ. ಅಪ್ಪನನ್ನೂ ಕರೆದುಕೊಂಡು ಹೋಗಿ. ಅವರು ಏನೂ ಕುಡಿಯಬೇಕಾಗಿಲ್ಲ. ಚಪ್ಪರದ ಬದಲು ತಂತಿಗೆ ನೇರವಾಗಿ ಹಬ್ಬಿಸಿದ ಸಾಲು, ಗಿಡಕ್ಕೆ ಬೇಕೆಂತಲೇ ಕಡಿಮೆ ಗೊಂಚಲು ಬಿಡುವ ರೀತಿ, ಕಡಲೆಕಾಳಿಗಿಂತ ಸ್ವಲ್ಪ ದಪ್ಪ ಇರುವ ಹಣ್ಣು, ಇವನ್ನೆಲ್ಲ ನೋಡಿ ಅವರು ಕೇಳುವ ಪ್ರಶ್ನೆ ನಿಮಗೆ ಹೊಳೆಯುವುದಿಲ್ಲ. ಅವರು ಕೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ. ಅಮ್ಮನ ಬೇಸರಕ್ಕೂ ಇದು ಸ್ವಲ್ಪ ಸಹಾಯ ಮಾಡಬಹುದು. ಮಗಳು ಕದ್ದು ಮುಚ್ಚಿ ಏನೋ ಮಾಡುತ್ತಿದ್ದಾಳೆ ಅನ್ನುವುದಕ್ಕೂ, ಅಪ್ಪನ ಜೊತೆ ತೋಟ ನೋಡಿ ಬಂದಳು ಅನ್ನುವುದಕ್ಕೂ ವ್ಯತ್ಯಾಸ ಇದೆ. ಆದರೂ ಅವರಿಗೆ ಇಷ್ಟವಿಲ್ಲದಿದ್ದರೆ ಊರ ಮನೆಗೆ ಬಾಟಲಿ ತರಬೇಡಿ. ಜೋಡಿಗಳನ್ನು ಬೆಂಗಳೂರಿನ ರೂಮಲ್ಲೇ ಇಟ್ಟುಕೊಳ್ಳಿ.

ಅದೇ ತಿಂಗಳು ಒಂದು ಕೆಲಸ ಮಾಡಿ. ಸಂತೆಯಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ಸಿಕ್ಕಾಗ ಒಂದು ಗೊಂಚಲು ತನ್ನಿ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ, ನಮ್ಮ ಸೀಮೆಯದೇ ಅನ್ನಿಸಿಬಿಟ್ಟಿರುವ ಹಣ್ಣು ಇದು. ಒಂದು ಹಣ್ಣನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿ. ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಇಡಿಯಾಗಿ ಜಾರಿ ಹೊರಗೆ ಬರುತ್ತದೆ. ತಿರುಳಿಗೆ ನೇರಳೆ ಬಣ್ಣ ಇಲ್ಲ, ತಿಳಿ ಹಸಿರು. ಬಣ್ಣವೆಲ್ಲ ಸಿಪ್ಪೆಯಲ್ಲೇ ಇದೆ. ಕೆಂಪು ವೈನ್ ಕೆಂಪಾಗುವುದು ಸಿಪ್ಪೆಯ ಸಮೇತ ಹುದುಗುವುದರಿಂದ. ಕಪ್ಪು ದ್ರಾಕ್ಷಿಯ ರಸವನ್ನು ತಕ್ಷಣ ಸಿಪ್ಪೆಯಿಂದ ಬೇರೆ ಮಾಡಿದರೆ ಬಿಳಿ ವೈನನ್ನೂ ಮಾಡಬಹುದು, ಸ್ವಲ್ಪ ಹೊತ್ತು ಬಿಟ್ಟು ಬೇರೆ ಮಾಡಿದರೆ ಗುಲಾಬಿ ಬಣ್ಣದ ರೋಸೆ. ಈಗ ತಿರುಳನ್ನು ಪಕ್ಕಕ್ಕಿಟ್ಟು ಬರೀ ಸಿಪ್ಪೆಯನ್ನು ಚೆನ್ನಾಗಿ ಅಗಿಯಿರಿ. ಮೊದಲು ಹುಳಿ, ಆಮೇಲೆ ಒಸಡಿಗೆ ಹತ್ತುವ ಒಗರು. ಈ ಒಗರನ್ನೇ ಟ್ಯಾನಿನ್ ಅನ್ನುವುದು, ಅದು ಸಿಪ್ಪೆಯಿಂದ ಮತ್ತು ಬೀಜದಿಂದ ಬರುತ್ತದೆ.

ಕೊನೆಯದಾಗಿ ಬೆರಳನ್ನು ಮೂಸಿ. ದ್ರಾಕ್ಷಿ ಫ್ಲೇವರ್ ಚಾಕೊಲೇಟು, ಜ್ಯೂಸುಗಳಲ್ಲಿ ಬರುವ ವಾಸನೆ ಗೊತ್ತಾಗುತ್ತದೆ. ಅದಕ್ಕೆ ಕಾರಣ ಮೀಥೈಲ್ ಆಂಥ್ರನಿಲೇಟ್ ಅನ್ನುವ ವಸ್ತು. ಬೆಂಗಳೂರು ಬ್ಲೂ ಅಮೆರಿಕದ ಲ್ಯಾಬ್ರಸ್ಕಾ ಜಾತಿಯ ರಕ್ತ ಇರುವ ತಳಿ. ಶಿರಾಜ್, ಕ್ಯಾಬರ್ನೆ, ಶಾರ್ಡೊನೆ ಅನ್ನುವ ವೈನ್ ದ್ರಾಕ್ಷಿಗಳೆಲ್ಲ ಯೂರೋಪಿನ ವಿನಿಫೆರಾ ಜಾತಿಯವು, ಅವುಗಳಲ್ಲಿ ಈ ವಾಸನೆ ಇರುವುದಿಲ್ಲ. ನೀವು ಕುಡಿದಿರುವ ಸಿಹಿ ಪೋರ್ಟ್‌ನಂಥ ವೈನ್‌ಗಳಿಗೆ ನಮ್ಮ ಕಡೆ ಹೆಚ್ಚಾಗಿ ಬಳಸುವುದು ಇದೇ ಬೆಂಗಳೂರು ಬ್ಲೂ. ಹಾಗಾಗಿ ಮೊದಲ ಬಾರಿ ಶಿರಾಜ್ ಕುಡಿದಾಗ ಇದರಲ್ಲಿ ದ್ರಾಕ್ಷಿ ವಾಸನೆಯೇ ಇಲ್ಲವಲ್ಲ ಅನ್ನಿಸುತ್ತದೆ. ಗಾಬರಿ ಬೇಡ. ನಿಮ್ಮ ಮೂಗು ಸರಿಯಾಗಿಯೇ ಇದೆ. ಜನವರಿಯ ಜೋಡಿ ಇದೇ ಆಗಲಿ: ನೀವು ಯಾವಾಗಲೂ ಕುಡಿಯುವ ಸಿಹಿ ವೈನ್ ಒಂದು, ಸಿಹಿಯಿಲ್ಲದ ಭಾರತೀಯ ಶಿರಾಜ್ ಒಂದು. ಹಳೆಯದನ್ನು ಕೀಳು ಅಂತ ಬಿಡಬೇಕಾಗಿಲ್ಲ, ಹೋಲಿಸಿ ನೋಡಲು ಅದು ಬೇಕು.

ನಾಲಿಗೆ ತಯಾರಿಗೆ ಖರ್ಚಿಲ್ಲದ ಒಂದು ಅಭ್ಯಾಸ ಹೇಳುತ್ತೇನೆ, ಇದನ್ನು ಅಮ್ಮನ ಎದುರಿಗೇ ಮಾಡಬಹುದು. ಒಂದು ಲೋಟ ನೀರಿಗೆ ನಿಂಬೆರಸ. ಇನ್ನೊಂದಕ್ಕೆ ಸಕ್ಕರೆ. ಮೂರನೆಯದಕ್ಕೆ ಹಾಲಿಲ್ಲದ, ಚೆನ್ನಾಗಿ ಕುದಿಸಿದ ಟೀ ಡಿಕಾಕ್ಷನ್. ಒಂದೊಂದೇ ಗುಟುಕು. ಹುಳಿಗೆ ಬಾಯಲ್ಲಿ ನೀರೂರುತ್ತದೆ, ಒಗರಿಗೆ ಬಾಯಿ ಒಣಗುತ್ತದೆ. ತುಂಬಾ ಜನ ಇವೆರಡನ್ನೂ ಸೇರಿಸಿ ಸುಮ್ನೆ "ಖಾರ ಇದೆ" ಅಂದುಬಿಡುತ್ತಾರೆ. ಆಮೇಲೆ ನಿಂಬೆ ನೀರಿಗೆ ಸ್ವಲ್ಪ ಸ್ವಲ್ಪವೇ ಸಕ್ಕರೆ ಹಾಕುತ್ತಾ ಕುಡಿದು ನೋಡಿ. ಹುಳಿ ಎಲ್ಲೂ ಹೋಗಿರುವುದಿಲ್ಲ, ಆದರೂ ನಾಲಿಗೆಗೆ ಕಡಿಮೆ ಅನ್ನಿಸುತ್ತದೆ. ಸಿಹಿ ವೈನ್‌ನಲ್ಲಿ ಎಷ್ಟು ಹುಳಿ ಅಡಗಿರುತ್ತದೆ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಬೇಸಿಗೆಯಲ್ಲಿ ಬಿಳಿ ವೈನ್ ಕಡೆ ಹೋಗಿ. ನಮ್ಮ ದೇಶದಲ್ಲಿ ಸುಲಭವಾಗಿ ಸಿಗುವವು ಸೊವಿನ್ಯೋನ್ ಬ್ಲಾಂಕ್ ಮತ್ತು ಶೆನಿನ್ ಬ್ಲಾಂಕ್. ಎರಡನ್ನೂ ಪಕ್ಕಪಕ್ಕ ಇಡಿ. ಸೊವಿನ್ಯೋನ್‌ನಲ್ಲಿ ಹಸಿ ಕ್ಯಾಪ್ಸಿಕಮ್, ಆಗತಾನೆ ಕತ್ತರಿಸಿದ ಹುಲ್ಲು, ಕೆಲವದರಲ್ಲಿ ಸೀಬೆಹಣ್ಣಿನ ವಾಸನೆ ಸಿಗುತ್ತದೆ. ಶೆನಿನ್ ಅಷ್ಟು ಜೋರಿಲ್ಲ, ಸೇಬು, ಪಿಯರ್ ಹಣ್ಣಿನ ಕಡೆಗೆ ಹೋಗುತ್ತದೆ. ಶೆನಿನ್‌ನ ತವರು ಫ್ರಾನ್ಸಿನ ಲುವಾರ್ ನದಿಯ ಕಣಿವೆ, ಆದರೆ ಇವತ್ತು ಅದನ್ನು ಎಲ್ಲರಿಗಿಂತ ಹೆಚ್ಚು ಬೆಳೆಯುವುದು ದಕ್ಷಿಣ ಆಫ್ರಿಕಾ. ಮರುತಿಂಗಳು ನಾಸಿಕ್‌ನ ಶೆನಿನ್ ಪಕ್ಕ ದಕ್ಷಿಣ ಆಫ್ರಿಕಾದ ಶೆನಿನ್ ಇಟ್ಟು ನೋಡಿ. ಅದೇ ದ್ರಾಕ್ಷಿ, ಊರು ಮಾತ್ರ ಬೇರೆ. ಮಣ್ಣು, ಹವಾಮಾನ ಅಂತ ಪುಸ್ತಕದಲ್ಲಿ ಹತ್ತು ಪುಟ ಓದುವುದಕ್ಕಿಂತ ಈ ಎರಡು ಲೋಟ ಜಾಸ್ತಿ ಕಲಿಸುತ್ತವೆ. ವಿಯೋನ್ಯೆ ಅನ್ನುವ ಇನ್ನೊಂದು ಬಿಳಿ ದ್ರಾಕ್ಷಿಯನ್ನೂ ಬಿಡಬೇಡಿ. 1960ರ ದಶಕದಲ್ಲಿ ಫ್ರಾನ್ಸಿನ ರೋನ್ ಕಣಿವೆಯಲ್ಲಿ ಕೆಲವೇ ಹೆಕ್ಟೇರ್ ಉಳಿದು ಇನ್ನೇನು ಅಳಿದೇ ಹೋಯಿತು ಅನ್ನುವ ಸ್ಥಿತಿಗೆ ಬಂದಿದ್ದ ತಳಿ ಅದು. ಈಗ ನಂದಿ ಬುಡದ ತೋಟದವರ ವಿಯೋನ್ಯೆ ಬೆಂಗಳೂರಲ್ಲಿ ಸಿಗುತ್ತದೆ. ಮೂಸಿದರೆ ಹೂವು ಮತ್ತು ಆಪ್ರಿಕಾಟ್, ಬಾಯಿಗಿಟ್ಟರೆ ಸಿಹಿಯೇ ಇಲ್ಲ. ವಾಸನೆ ಸಿಹಿ ಇದ್ದ ಮಾತ್ರಕ್ಕೆ ವೈನ್ ಸಿಹಿ ಆಗಬೇಕಿಲ್ಲ ಅನ್ನುವ ಪಾಠ ಇಲ್ಲಿ ಸಿಗುತ್ತದೆ.

ಮಳೆಗಾಲಕ್ಕೆ ಕೆಂಪು. ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ಒಂದು ಜೋಡಿ. ಶಿರಾಜ್‌ನಲ್ಲಿ ಕರಿಮೆಣಸಿನ ವಾಸನೆ ಹುಡುಕಿ. ಅದು ಕೊಡುವುದು ರೋಟಂಡೋನ್ ಅನ್ನುವ ವಸ್ತು, ನಮ್ಮ ಅಡುಗೆಮನೆಯ ಕರಿಮೆಣಸಿನಲ್ಲಿ ಇರುವುದೂ ಅದೇ. ಇದನ್ನು ಪತ್ತೆ ಮಾಡಿದ ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಇನ್ನೊಂದು ವಿಷಯವನ್ನೂ ಬರೆದರು: ಅವರು ಪರೀಕ್ಷೆ ಮಾಡಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ವಾಸನೆ ತಿಳಿಯಲೇ ಇಲ್ಲ. ಆದ್ದರಿಂದ ಗೆಳತಿಗೆ ಮೆಣಸು ಸಿಕ್ಕಿ ನಿಮಗೆ ಸಿಗದಿದ್ದರೆ ನೀವು ದಡ್ಡಿ ಅಂತ ಅಲ್ಲ. ನಿಮಗೆ ಸಿಕ್ಕಿದ್ದನ್ನು ಮಾತ್ರ ಬರೆಯಿರಿ.

ಆಮೇಲೆ ಸಾಂಜಿಯೋವೇಸೆ. ಇಟಲಿಯ ಈ ದ್ರಾಕ್ಷಿಯನ್ನು ನಮ್ಮ ಹಂಪಿ ಬೆಟ್ಟಗಳ ಕಡೆ ಕೃಷ್ಮಾ ಅನ್ನುವ ವೈನ್ ಕಂಪನಿಯವರು, ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಫ್ರಾಟೆಲ್ಲಿಯವರು ಬೆಳೆಯುತ್ತಾರೆ. ಇಲ್ಲಿ ಲೇಬಲ್ ಓದುವ ಗುಟ್ಟು ಒಂದಿದೆ. ಭಾರತ, ಆಸ್ಟ್ರೇಲಿಯಾ, ಅಮೆರಿಕದವರು ಬಾಟಲಿ ಮೇಲೆ ದ್ರಾಕ್ಷಿಯ ಹೆಸರು ಹಾಕುತ್ತಾರೆ. ಯೂರೋಪಿನವರು ಹೆಚ್ಚಾಗಿ ಊರಿನ ಹೆಸರು ಹಾಕುತ್ತಾರೆ. ಕಿಯಾಂಟಿ ಅಂದರೆ ಮುಖ್ಯವಾಗಿ ಸಾಂಜಿಯೋವೇಸೆ. ಬಿಳಿ ಸಾನ್ಸೇರ್ ಅಂದರೆ ಸೊವಿನ್ಯೋನ್ ಬ್ಲಾಂಕ್. ಶಾಬ್ಲಿ ಅಂದರೆ ಶಾರ್ಡೊನೆ. ಕೆಂಪು ರಿಯೋಹಾದಲ್ಲಿ ಹೆಚ್ಚಾಗಿ ಇರುವುದು ಟೆಂಪ್ರಾನಿಯೋ. ಅಂಗಡಿಯಲ್ಲಿ ಹೆದರಿಸುವ ಅಷ್ಟು ಹೆಸರುಗಳಲ್ಲಿ ಅರ್ಧ ನಿಮಗೆ ಆಗಲೇ ಪರಿಚಯ ಇರುವ ದ್ರಾಕ್ಷಿಗಳೇ. ಹಾಗಾಗಿ ಮಳೆಗಾಲದ ಕೊನೆಯ ಜೋಡಿ ಭಾರತದ ಸಾಂಜಿಯೋವೇಸೆ ಮತ್ತು ಒಂದು ಸಾಧಾರಣ ಕಿಯಾಂಟಿ. ಹೊರಗಿನ ವೈನ್ ದುಬಾರಿ, ಯಾಕೆಂದರೆ ಬಹಳ ಕಾಲದಿಂದ ಅದರ ಮೇಲೆ ಶೇ. 150 ಸುಂಕ ಇತ್ತು. 2022ರ ಕೊನೆಯಲ್ಲಿ ಜಾರಿಗೆ ಬಂದ ಒಪ್ಪಂದದಿಂದ ಆಸ್ಟ್ರೇಲಿಯಾದ ವೈನ್‌ಗೆ ಅದು ಹಂತಹಂತವಾಗಿ ಇಳಿಯುತ್ತಿದೆ. ವರ್ಷಕ್ಕೆ ನಾಲ್ಕು ವಿದೇಶಿ ಬಾಟಲಿ ಸಾಕು, ಅದಕ್ಕಾಗಿ ಒಂದೆರಡು ತಿಂಗಳು ಕಡಿಮೆ ಖರ್ಚು ಮಾಡಿ ಹಣ ಉಳಿಸಿಕೊಳ್ಳಿ.

ಈಗ ನಾನು ಎಲ್ಲರ ಹತ್ತಿರ ಜಗಳವಾಡುವ ವಿಷಯ: ತಣ್ಣಗಿನ ಮಟ್ಟ. ಕೆಂಪು ವೈನನ್ನು ರೂಮಿನ ತಾಪಮಾನದಲ್ಲಿ ಕುಡಿಯಬೇಕು ಅಂತ ಯಾರೋ ಹೇಳಿದ್ದನ್ನು ಕೇಳಿ ಜನ ಏಪ್ರಿಲ್ ತಿಂಗಳಲ್ಲೂ ಷೋಕೇಸಿನಿಂದ ತೆಗೆದು ಹಾಗೇ ಬಗ್ಗಿಸುತ್ತಾರೆ. ಆ ಮಾತು ಹುಟ್ಟಿದ್ದು ಚಳಿ ದೇಶದ ಮನೆಗಳಲ್ಲಿ. ಕೆಂಪಿಗೆ 16–18 ಡಿಗ್ರಿ ಬೇಕು. ನಮ್ಮ ರೂಮು 28–30 ಇರುತ್ತದೆ. ಆ ಬಿಸಿಗೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ವಾಸನೆ ಮುಚ್ಚಿಹೋಗುತ್ತದೆ, ಒಳ್ಳೆಯ ವೈನೂ ಕೆಟ್ಟದ್ದು ಅನ್ನಿಸುತ್ತದೆ. ಕೆಂಪನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬಿಳಿಯನ್ನು ಎರಡು ಗಂಟೆ ಇಟ್ಟು, ತೆಗೆದು ಹತ್ತು ನಿಮಿಷ ಬಿಟ್ಟು ಕುಡಿಯಿರಿ, ತೀರಾ ಐಸ್ ಆಗಿದ್ದರೆ ವಾಸನೆಯೇ ಬರುವುದಿಲ್ಲ. ಬಾಟಲಿಗಳನ್ನು ಫ್ರಿಜ್ ಮೇಲೆ, ಕಿಟಕಿ ಬಳಿ, ಕಾರಿನ ಡಿಕ್ಕಿಯಲ್ಲಿ ಇಡಬೇಡಿ. ಕೊಳ್ಳುವಾಗಲೂ ಬಿಸಿಲು ಬೀಳುವ ಕಪಾಟಿನದ್ದು ಬೇಡ. ಲೇಬಲ್ ಮೇಲಿನ ಇಸವಿ ನೋಡಿ. ನಮ್ಮ ದೇಶದ ಸಾಧಾರಣ ಬಿಳಿ ವೈನ್ ಎರಡು ವರ್ಷಕ್ಕಿಂತ ಹಳೆಯದಾಗಿದ್ದರೆ ಬಿಟ್ಟುಬಿಡಿ.

ಊಟದ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಖಾರದ ಊಟದ ಜೊತೆ ಆಲ್ಕೋಹಾಲ್ ಜಾಸ್ತಿ ಇರುವ, ಒಗರು ಕೆಂಪು ವೈನ್ ಕುಡಿದರೆ ಬಾಯಿ ಉರಿಯುತ್ತದೆ. ನಾಟಿಕೋಳಿ ಸಾರಿನ ಜೊತೆ ಕ್ಯಾಬರ್ನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಸ್ವಲ್ಪ ಸಿಹಿ ಉಳಿದಿರುವ ಶೆನಿನ್ ತಣ್ಣಗೆ ಮಾಡಿ ನೋಡಿ. ಹುಣಸೆಹುಳಿ ಇರುವ ಸಾರು, ಗೊಜ್ಜು ಇದ್ದರೆ ವೈನಿನ ಹುಳಿ ಕಡಿಮೆಯಾದಂತೆ ಅನ್ನಿಸುತ್ತದೆ, ಹಾಗಾಗಿ ಅಲ್ಲಿ ಚೆನ್ನಾಗಿ ಹುಳಿ ಇರುವ ಸೊವಿನ್ಯೋನ್ ಬ್ಲಾಂಕ್ ಬೇಕು. ಉಪ್ಪು ಒಗರನ್ನು ಮೆತ್ತಗೆ ಮಾಡುತ್ತದೆ, ಉಪ್ಪು ಹಾಕಿ ಹುರಿದ ಕಡಲೆಕಾಯಿ ಬೀಜದ ಜೊತೆ ಕ್ಯಾಬರ್ನೆ ಕುಡಿದು ನೋಡಿದರೆ ಗೊತ್ತಾಗುತ್ತದೆ. ಜನವರಿಯಲ್ಲಿ ಅವರೆಕಾಯಿ ಕಾಲ. ಹಿದುಕಿದ ಬೇಳೆ ಜೊತೆ ಶಿರಾಜ್‌ಗಿಂತ ಬಿಳಿ ವೈನೇ ವಾಸಿ ಅಂತ ನನ್ನ ಅಭಿಪ್ರಾಯ.

ಬರೆಯುವ ಪುಸ್ತಕ ಸರಳವಾಗಿರಲಿ. ದ್ರಾಕ್ಷಿ, ಊರು, ಇಸವಿ, ಬೆಲೆ ಒಂದು ಸಾಲು. ಹುಳಿ, ಒಗರು, ಸಿಹಿ, ಆಲ್ಕೋಹಾಲಿನ ಬಿಸಿ ಎಷ್ಟಿತ್ತು ಅನ್ನುವುದು ಇನ್ನೊಂದು ಸಾಲು. ವಾಸನೆಗೆ ನಿಮಗೆ ಗೊತ್ತಿರುವ ಹೆಸರನ್ನೇ ಬರೆಯಿರಿ, ನೇರಳೆಹಣ್ಣು, ಬೇಲದಹಣ್ಣು, ಮಳೆ ಬಿದ್ದ ಮಣ್ಣು. ಬ್ಲ್ಯಾಕ್‌ಕರಂಟ್ ತಿನ್ನದವರು ಬ್ಲ್ಯಾಕ್‌ಕರಂಟ್ ಅಂತ ಬರೆಯುವುದರಲ್ಲಿ ಅರ್ಥವಿಲ್ಲ. ಅಂಕ ಹಾಕಬೇಡಿ. ನಿಮ್ಮ ದುಡ್ಡಲ್ಲಿ ಮತ್ತೆ ಕೊಳ್ಳುತ್ತೀರಾ ಇಲ್ಲವಾ ಅಂತ ಬರೆದರೆ ಸಾಕು. ಮೂರು ತಿಂಗಳಿಗೊಮ್ಮೆ ಬಾಟಲಿಗಳಿಗೆ ನ್ಯೂಸ್ ಪೇಪರ್ ಸುತ್ತಿ, ಯಾವುದು ಯಾವುದು ಅಂತ ಗೊತ್ತಿಲ್ಲದೆ ಕುಡಿದು ಗುರುತಿಸುವ ಪ್ರಯತ್ನ ಮಾಡಿ. ಆಗ ಬೆಲೆಯ ಪ್ರಭಾವ ಹೋಗಿ ನಾಲಿಗೆ ಮಾತ್ರ ಉಳಿಯುತ್ತದೆ.

ವರ್ಷದ ಕೊನೆಯ ಮೂರು ತಿಂಗಳು ಪೂರ್ತಿ ಅಪರಿಚಿತ ಜಾಗಕ್ಕೆ ಹೋಗಿ. ನನ್ನನ್ನು ಕೇಳಿದರೆ ಜಾರ್ಜಿಯಾ ದೇಶ. ಅಲ್ಲಿ ಸುಮಾರು 8000 ವರ್ಷ ಹಿಂದಿನ ಮಡಕೆ ಚೂರುಗಳಲ್ಲಿ ವೈನಿನ ಗುರುತು ಸಿಕ್ಕಿದೆ. ಇಂದಿಗೂ ಕ್ವೆವ್ರಿ ಅನ್ನುವ ದೊಡ್ಡ ಮಣ್ಣಿನ ಹಂಡೆಗಳನ್ನು ನೆಲದಲ್ಲಿ ಹೂತು ಅದರಲ್ಲೇ ವೈನ್ ಮಾಡುತ್ತಾರೆ, 2013ರಲ್ಲಿ ಯುನೆಸ್ಕೋ ಆ ಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಬಿಳಿ ದ್ರಾಕ್ಷಿಯನ್ನೂ ಸಿಪ್ಪೆ ಸಮೇತ ತಿಂಗಳುಗಟ್ಟಲೆ ಬಿಡುವುದರಿಂದ ಜೇನಿನ ಬಣ್ಣ ಬರುತ್ತದೆ, ಬಿಳಿ ವೈನಿನಲ್ಲೂ ಒಗರು ಇರುತ್ತದೆ. ಸಿಪ್ಪೆ ಅಗಿದು ನೋಡಿದವರಿಗೆ ಇದರ ಕಾರಣ ಹೇಳಬೇಕಿಲ್ಲ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ವಿಚಾರಿಸಿ, ಸಿಗದಿದ್ದರೆ ಜರ್ಮನಿಯ ರೀಸ್ಲಿಂಗ್ ಅನ್ನುವ ಬಿಳಿ ವೈನ್ ತೆಗೆದುಕೊಳ್ಳಿ. ಡಿಸೆಂಬರ್‌ಗೆ ಪೋರ್ಚುಗಲ್‌ನ ದೋರು ಕಣಿವೆಯ ನಿಜವಾದ ಪೋರ್ಟ್ ಒಂದು, ನಮ್ಮ ಸಿಹಿ ವೈನ್ ಒಂದು. ದೋರುವಿನಲ್ಲಿ ಹುದುಗುವಿಕೆಯ ಮಧ್ಯದಲ್ಲೇ ದ್ರಾಕ್ಷಿಯ ಸ್ಪಿರಿಟ್ ಸುರಿದು ಯೀಸ್ಟನ್ನು ನಿಲ್ಲಿಸುತ್ತಾರೆ. ಅದಕ್ಕೇ ಹಣ್ಣಿನ ಸಕ್ಕರೆ ಉಳಿದು, ಆಲ್ಕೋಹಾಲ್ ಶೇ. 20ರ ಹತ್ತಿರ ಇರುತ್ತದೆ. ಇದಕ್ಕೆ 60 ಮಿಲಿ ಬೇಡ, 30 ಸಾಕು.

ಕೋರ್ಸ್ ಬಗ್ಗೆ: ಈ ವರ್ಷ ಬೇಡ. ಡಬ್ಲ್ಯುಎಸ್‌ಇಟಿ ಅನ್ನುವ ಲಂಡನ್ ಸಂಸ್ಥೆಯ ಪಾಠಗಳಿಗೆ ಎಲ್ಲ ಕಡೆ ಬೆಲೆ ಇದೆ, ಬೆಂಗಳೂರಿನಲ್ಲೂ ನಡೆಯುತ್ತವೆ. ಆದರೆ ಶುಲ್ಕ ನಿಮ್ಮ ಇಡೀ ವರ್ಷದ ವೈನ್ ಖರ್ಚನ್ನೇ ನುಂಗಿಬಿಡಬಹುದು, ಮತ್ತು ಮೊದಲ ಹಂತದಲ್ಲಿ ಹೇಳಿಕೊಡುವ ಬಹುಪಾಲು ವಿಷಯ ಮೇಲಿನ ಜೋಡಿಗಳಲ್ಲೇ ನಿಮಗೆ ಸಿಕ್ಕಿರುತ್ತದೆ. ವರ್ಷ ಮುಗಿದ ಮೇಲೂ ಆಸೆ ಇದ್ದರೆ ನೇರವಾಗಿ ಎರಡನೆಯ ಹಂತಕ್ಕೆ ಸೇರಿ, ಅದಕ್ಕೆ ಮೊದಲನೆಯದು ಕಡ್ಡಾಯ ಅಲ್ಲ. ಅದರ ಪರೀಕ್ಷೆಯಲ್ಲಿ 50 ಬಹು ಆಯ್ಕೆ ಪ್ರಶ್ನೆಗಳು ಮಾತ್ರ ಇರುತ್ತವೆ. ರುಚಿ ನೋಡಿ ಬರೆಯುವ ಪರೀಕ್ಷೆ ಶುರುವಾಗುವುದು ಮೂರನೆಯ ಹಂತದಿಂದ, ಅಲ್ಲಿಗೆ ಹೋಗುವ ಮನಸ್ಸಿದ್ದರೆ ಈ ವರ್ಷದ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡಿರಿ.